ಮೇಣದ ಬತ್ತಿಗಳನ್ನು ತರಿಸಿ

೧೭೮೦ನೆಯ ಇಸವಿ ಮೇ ತಿಂಗಳ ೧೯ನೆಯ ತಾರೀಖು, ಶುಕ್ರವಾರ. ಅಮೆರಿಕೆಯ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ಪ್ರಾಂತಗಳಲ್ಲಿ ಎಂದಿನಂತೆ ಬೆಳಗಾಯಿತು. ಆದರೆ ಹೊತ್ತು ಏರಿದ ಹಾಗೆಲ್ಲ ಬೆಳಕು ಇಳಿಯತೊಡಗಿತು. ನಡು ಮಧ್ಯಾಹ್ನದಲ್ಲಿ ಮನೆಮನೆಗಳಲ್ಲಿ ದೀಪ ಹಚ್ಚಬೇಕಾಯಿತು. ಕೋಳಿಗಳು ಗೂಡು ಸೇರಿದವು; ಹಕ್ಕಿಗಳು ಸುಮ್ಮನಾದವು. ಅಂದು ಗ್ರಹಣವೇನೂ ಇರಲಿಲ್ಲ.

ಅಲ್ಲಿಯ ಜನ ಬೈಬಲ್ಲನ್ನು ಕೈಯಲ್ಲಿ ಹಿಡಿದು ಕಡಲು ದಾಟಿ ಬಂದವರ ಸಂತತಿ. ಲೋಕಾಂತ್ಯದಲ್ಲಿ ಸೂರ್ಯನು ಕಪ್ಪಾಗುವನು, ಚಂದ್ರನು ರಕ್ತವರ್ಣನಾಗುವನು ಎಂಬ ಪ್ರವಾದಿಗಳ ಮಾತು ಅವರಿಗೆ ಚೆನ್ನಾಗಿ ತಿಳಿದಿತ್ತು. ಕ್ರಿಸ್ತನು ನ್ಯಾಯ ತೀರಿಸಲು ಮರಳಿ ಬರುವ ದಿನ ಇದೇ ಎಂದು ಅನೇಕರು ನಂಬಿದರು. ದೇವಾಲಯಗಳು ತುಂಬಿದವು.

ಕನೆಕ್ಟಿಕಟ್ ಸಂಸ್ಥಾನದ ಶಾಸನಸಭೆ ಅಂದು ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಸೇರಿತ್ತು. ಕೆಳಮನೆಯವರು ಕತ್ತಲೆಯಲ್ಲಿ ಕೆಲಸ ಸಾಗದೆಂದು ಎದ್ದುಹೋದರು. ಮೇಲ್ಮನೆಯಲ್ಲಿಯೂ ಸಭೆಯನ್ನು ಮುಂದೂಡಬೇಕೆಂಬ ಸೂಚನೆ ಬಂತು. ಆಗ ಸ್ಟ್ಯಾಮ್‌ಫರ್ಡಿನ ಅಬ್ರಹಾಂ ಡೇವನ್‌ಪೋರ್ಟ್ ಎಂಬ ಹಿರಿಯ ಸದಸ್ಯ ಅದನ್ನು ವಿರೋಧಿಸಿದ. ಅವನ ವಾದ ಬಹಳ ಸರಳ. ಇದು ನ್ಯಾಯತೀರ್ಪಿನ ದಿನವಾಗಿರಬಹುದು, ಆಗಿರದಿರಬಹುದು. ಆಗಿರದಿದ್ದರೆ ಸಭೆಯನ್ನು ಮುಂದೂಡಲು ಕಾರಣವಿಲ್ಲ. ಆಗಿದ್ದರೆ, ತಾನು ತನ್ನ ಕರ್ತವ್ಯ ಮಾಡುತ್ತಿರುವಾಗಲೇ ಒಡೆಯನ ಕಣ್ಣಿಗೆ ಬೀಳಬೇಕೆಂಬುದು ತನ್ನ ಇಚ್ಛೆ. ಆದ್ದರಿಂದ ಮೇಣದ ಬತ್ತಿಗಳನ್ನು ತರಿಸಿ, ಕೆಲಸ ನಡೆಯಲಿ, ಎಂದ.

ಆ ಕತ್ತಲೆಯ ಕಾರಣ ಈಗ ಹೆಚ್ಚುಕಡಿಮೆ ತಿಳಿದಿದೆ. ಕೆನಡದ ಕಾಡುಗಳಲ್ಲಿ ಹತ್ತಿದ ಬೆಂಕಿಯ ಹೊಗೆ ಗಾಳಿಯೊಡನೆ ಬಂದು ಸೂರ್ಯನನ್ನು ಮುಚ್ಚಿತ್ತು. ಅಲ್ಲಿಯ ಹಳೆಯ ಮರಗಳ ಉಂಗುರಗಳಲ್ಲಿ ಆ ಕಾಲದ ಬೆಂಕಿಯ ಗುರುತನ್ನು ವಿಜ್ಞಾನಿಗಳು ಪತ್ತೆ ಮಾಡಿ ೨೦೦೭ರಲ್ಲಿ ಪ್ರಕಟಿಸಿದರು. ಆದರೆ ಡೇವನ್‌ಪೋರ್ಟನಿಗೆ ಇದೊಂದೂ ತಿಳಿದಿರಲಿಲ್ಲ. ಅವನ ಉತ್ತರದ ಬೆಲೆ ಇರುವುದೂ ಅಲ್ಲಿಯೇ. ಕವಿ ವಿಟ್ಟಿಯರ್ ೧೮೬೬ರಲ್ಲಿ ಅವನ ಮೇಲೊಂದು ಕವಿತೆ ಬರೆದ. ಅದರಲ್ಲಿ ಆತ ಕತ್ತಲಲ್ಲಿ ಕುಳಿತು ಚರ್ಚಿಸುವುದು ಮೀನುಗಾರಿಕೆಯ ಕಾಯಿದೆಯೊಂದನ್ನು! ೧೯೬೦ರ ಚುನಾವಣೆಯಲ್ಲಿ ಜಾನ್ ಕೆನೆಡಿ ಈ ಪ್ರಸಂಗವನ್ನು ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು.

ಲೋಕವೇ ಮುಗಿಯುವುದಾದರೆ ಮೀನಿನ ಕಾಯಿದೆ ಏತಕ್ಕೆ? ಇದು ನಗುವ ಪ್ರಶ್ನೆಯಲ್ಲ, ಕ್ರೈಸ್ತಧರ್ಮದಷ್ಟೇ ಹಳೆಯದು. ಕ್ರಿ. ಶ. ೫೦ರ ಸುಮಾರಿಗೆ ಅಪೊಸ್ತಲ ಪೌಲ ಮ್ಯಾಸಿಡೋನಿಯದ ರೇವುಪಟ್ಟಣ ಥೆಸಲೊನೀಕಕ್ಕೆ ಹೋಗಿ ಬೋಧಿಸಿದ. ಅಲ್ಲಿ ಹುಟ್ಟಿದ ಪುಟ್ಟ ಸಭೆ ಕ್ರಿಸ್ತನ ಪುನರಾಗಮನವನ್ನು ಇಂದೋ ನಾಳೆಯೋ ಎಂದು ಎದುರುನೋಡುತ್ತಿತ್ತು. ಅಷ್ಟರಲ್ಲಿ ಅವರಲ್ಲಿ ಕೆಲವರು ಸತ್ತರು. ಸತ್ತವರ ಗತಿಯೇನು, ಅವರು ಆ ದಿನವನ್ನು ಕಾಣದೆ ಹೋದರಲ್ಲ, ಎಂದು ಉಳಿದವರು ಕಳವಳಗೊಂಡರು. ಪೌಲ ಮೊದಲನೆಯ ಪತ್ರದಲ್ಲಿ ಅವರನ್ನು ಸಮಾಧಾನಪಡಿಸಿದ. ಆ ದಿನ ಕಳ್ಳನಂತೆ ಹೇಳದೆ ಬರುತ್ತದೆ. ಅಲ್ಲಿಯವರೆಗೆ ಶಾಂತರಾಗಿದ್ದು ನಿಮ್ಮ ನಿಮ್ಮ ಕೈಕೆಲಸ ನೋಡಿಕೊಳ್ಳಿ ಎಂಬುದು ಅವನ ಬುದ್ಧಿವಾದ. ಎರಡನೆಯ ಪತ್ರದ ಧ್ವನಿ ಇನ್ನೂ ಕಟುವಾದುದು. ಕೆಲವರು ದುಡಿಮೆ ಬಿಟ್ಟು ಊರ ಸುದ್ದಿಯಲ್ಲಿ ಕಾಲ ಕಳೆಯುತ್ತಿದ್ದರು. ದುಡಿಯಲೊಲ್ಲದವನಿಗೆ ಊಟವೂ ಇಲ್ಲ ಎಂದು ಅದರಲ್ಲಿ ಖಂಡಿತವಾಗಿ ಹೇಳಿದೆ. ಹೀಗೆ ಹೇಳಲು ಪೌಲನಿಗೆ ಅಧಿಕಾರವಿತ್ತು. ಅವನು ಡೇರೆ ಮಾಡುವ ಕಸುಬಿನವನು. ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದು ಉಂಡವನು.

ಈ ಪತ್ರಗಳು ನಮ್ಮ ಭಾಷೆಗೂ ಬಂದಿವೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ ೧೮೩೧ರಲ್ಲಿ ಇಡೀ ಬೈಬಲ್ಲು ಕನ್ನಡದಲ್ಲಿ ದೊರೆಯಿತು.

ಸೋಜಿಗವೆಂದರೆ, ಅದೇ ೧೮೩೧ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಕ್ಕಲಿಗನೊಬ್ಬ ಲೋಕಾಂತ್ಯದ ವರ್ಷವನ್ನು ಜನರೆದುರು ಸಾರಲು ತೊಡಗಿದ. ಅವನ ಹೆಸರು ವಿಲಿಯಂ ಮಿಲ್ಲರ್. ೧೭೮೨ರಲ್ಲಿ ಹುಟ್ಟಿದ ಇವನು ೧೮೧೨ರ ಯುದ್ಧದಲ್ಲಿ ಕ್ಯಾಪ್ಟನ್ನಾಗಿದ್ದ. ಮೊದಲು ಬೈಬಲ್ಲನ್ನು ನಂಬದವನು. ಯುದ್ಧದಿಂದ ಹಿಂತಿರುಗಿದ ಮೇಲೆ ಮನಸ್ಸು ತಿರುಗಿ ಅದನ್ನು ಸಾಲುಸಾಲಾಗಿ ಓದಿದ. ದಾನಿಯೇಲನ ಗ್ರಂಥದಲ್ಲಿ ೨,೩೦೦ ದಿನಗಳ ಮಾತು ಬರುತ್ತದೆ. ಒಂದು ದಿನವೆಂದರೆ ಒಂದು ವರ್ಷವೆಂದು ಹಿಡಿದು, ಕ್ರಿ. ಪೂ. ೪೫೭ರಿಂದ ಎಣಿಸಿ, ೧೮೪೩ರ ಸುಮಾರಿಗೆ ಎಲ್ಲವೂ ಮುಗಿಯುವುದೆಂದು ಲೆಕ್ಕ ಹಾಕಿದ. ಪತ್ರಿಕೆಗಳೂ ಡೇರೆಗಳಲ್ಲಿ ನಡೆದ ಮಹಾಸಭೆಗಳೂ ಈ ಸುದ್ದಿಯನ್ನು ಹಬ್ಬಿಸಿದವು. ಹೇಳಿದ ಅವಧಿ ಕಳೆಯಿತು. ಕ್ರಿಸ್ತಪೂರ್ವದಿಂದ ಕ್ರಿಸ್ತಶಕಕ್ಕೆ ದಾಟುವಾಗ ಸೊನ್ನೆಯ ವರ್ಷವಿಲ್ಲ, ಲೆಕ್ಕದಲ್ಲಿ ಒಂದು ವರ್ಷ ತಪ್ಪಿದೆ, ಎಂಬ ತಿದ್ದುಪಡಿ ಬಂತು. ಅನುಯಾಯಿಗಳಲ್ಲೊಬ್ಬನಾದ ಸ್ಯಾಮ್ಯುಯಲ್ ಸ್ನೋ ಇನ್ನೂ ಮುಂದೆ ಹೋಗಿ ೧೮೪೪ರ ಅಕ್ಟೋಬರ್ ೨೨ ಎಂದು ದಿನವನ್ನೇ ಗೊತ್ತು ಮಾಡಿದ. ಮಿಲ್ಲರ್ ಅದನ್ನು ಒಪ್ಪಿದ್ದು ಆ ದಿನ ಹತ್ತಿರವಾದ ಮೇಲೆ.

ಆ ಶರತ್ಕಾಲದಲ್ಲಿ ಕೆಲವರು ಬೆಳೆದ ಬೆಳೆಯನ್ನು ಹೊಲದಲ್ಲಿಯೇ ಬಿಟ್ಟರು. ಕೆಲವರು ಅಂಗಡಿ ಮುಚ್ಚಿದರು. ಬಿಳಿಯ ನಿಲುವಂಗಿ ತೊಟ್ಟು ಗುಡ್ಡ ಹತ್ತಿ ಕುಳಿತರೆಂಬ ಕಥೆ ಮಾತ್ರ ವಿರೋಧಿಗಳ ಕುಚೋದ್ಯವೆಂದು ೧೯೪೪ರಲ್ಲಿ ಎಫ್. ಡಿ. ನಿಕೋಲ್ ಎಂಬ ಲೇಖಕರು ವಿವರವಾಗಿ ತೋರಿಸಿದರು. ಅವರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ಆದರೆ ಹಳೆಯ ಸಾಲ ತೀರಿಸಿದವರೂ, ಮಾಡಿದ ತಪ್ಪನ್ನು ನೆರೆಯವರ ಮುಂದೆ ಒಪ್ಪಿಕೊಂಡವರೂ ಅವರಲ್ಲಿದ್ದರು. ಕೊನೆಯ ದಿನದ ನೆನಪು ಮನುಷ್ಯನನ್ನು ಸೋಮಾರಿಯನ್ನಾಗಿ ಮಾಡಬಲ್ಲದು; ಪ್ರಾಮಾಣಿಕನನ್ನಾಗಿಯೂ ಮಾಡಬಲ್ಲದು.

ಮಂಗಳವಾರ ಬಂತು, ರಾತ್ರಿ ಹನ್ನೆರಡು ಹೊಡೆಯಿತು, ಬುಧವಾರದ ಸೂರ್ಯ ಎಂದಿನಂತೆ ಹುಟ್ಟಿದ. ಕಾದು ಕುಳಿತವರು ಬೆಳಕು ಹರಿಯುವತನಕ ಅತ್ತರಂತೆ. ಚರಿತ್ರಕಾರರು ಇದನ್ನು ಮಹಾನಿರಾಶೆ ಎಂದು ಕರೆಯುತ್ತಾರೆ. ಊರಿನವರ ಗೇಲಿಯನ್ನು ಸಹಿಸಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದು: ಬದುಕಲು ಸಿದ್ಧರಾಗಿರದ ನಾಳೆಯನ್ನು ಅವರು ಈಗ ಬದುಕಬೇಕಾಗಿತ್ತು. ಮಕ್ಕಳಿಗೆ ಊಟ ಬೇಕು, ಹೊಲಕ್ಕೆ ಆಳು ಬೇಕು, ಚಳಿಗಾಲ ಬಾಗಿಲಲ್ಲಿದೆ.

ಕೆಲವರು ನಂಬಿಕೆಯನ್ನೇ ಬಿಟ್ಟರು. ಕೆಲವರು ಹೊಸ ತಾರೀಖು ಹುಡುಕಿದರು. ಇನ್ನು ಕೆಲವರು ಆ ದಿನಕ್ಕೆ ಬೇರೆ ಅರ್ಥ ಕಂಡು, ತಾರೀಖು ಹೇಳುವುದನ್ನು ಕೈಬಿಟ್ಟು ಒಟ್ಟುಗೂಡಿದರು. ೧೮೬೩ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಹುಟ್ಟಿದ್ದು ಹೀಗೆ. ಒಡೆಯನು ಬೇಗ ಬರುವನೆಂದು ನಂಬುವ ಈ ಜನ ೧೮೬೬ರಲ್ಲಿ ಮಿಷಿಗನ್ನಿನ ಬ್ಯಾಟಲ್ ಕ್ರೀಕಿನಲ್ಲಿ ಆರೋಗ್ಯಧಾಮ ತೆರೆದರು. ಮುಂದೆ ಲೋಕದ ನಾನಾ ಕಡೆ ಆಸ್ಪತ್ರೆ, ಶಾಲೆಗಳನ್ನು ಕಟ್ಟಿದರು. ಮಿಲ್ಲರ್ ಈ ಸಭೆಗೆ ಸೇರಿದವನಲ್ಲ. ಅವನು ಲೆಕ್ಕದ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡ, ನಿರೀಕ್ಷೆಯನ್ನು ಬಿಡಲಿಲ್ಲ. ೧೮೪೮ರಲ್ಲಿ ತನ್ನ ಮನೆಯ ಹತ್ತಿರ ಚಿಕ್ಕದೊಂದು ಪ್ರಾರ್ಥನಾಮಂದಿರ ಕಟ್ಟಿಸಿ, ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡ. ಆ ಮಂದಿರ ಇನ್ನೂ ನಿಂತಿದೆ.

ದಿನವನ್ನಾಗಲಿ ಗಳಿಗೆಯನ್ನಾಗಲಿ ಯಾರೂ ಅರಿಯರೆಂದು ಯೇಸುವೇ ಹೇಳಿದ್ದಾನೆ. ಅದರ ಬೆನ್ನಿಗೇ ಒಂದು ಸಾಮತಿಯಿದೆ. ಯಜಮಾನ ಪರಸ್ಥಳಕ್ಕೆ ಹೋಗಿದ್ದಾನೆ. ಮನೆಯ ಆಳಿಗೆ ಉಳಿದವರ ಊಟ ನೋಡಿಕೊಳ್ಳುವ ಕೆಲಸ ವಹಿಸಿದ್ದಾನೆ. ಯಜಮಾನ ಹಿಂತಿರುಗಿದಾಗ ಆ ಕೆಲಸದಲ್ಲಿಯೇ ಇರುವ ಆಳು ಧನ್ಯ. ಅವನು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರಬೇಕೆಂದು ಅಲ್ಲಿ ಹೇಳಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಬಡಿಸುತ್ತಿದ್ದರೆ ಸಾಕು.

ಹಾರ್ಟ್‌ಫರ್ಡಿನ ಮುದುಕ ಇದನ್ನೇ ಅರಿತಿದ್ದನೆಂದು ತೋರುತ್ತದೆ. ಕತ್ತಲೆಯ ಕಾರಣವನ್ನು ಅವನು ವಿಚಾರಿಸಲಿಲ್ಲ. ಅಂತ್ಯ ಬರುವುದಿಲ್ಲವೆಂದೂ ವಾದಿಸಲಿಲ್ಲ. ಮೇಜಿನ ಮೇಲಿನ ಕಾಗದವನ್ನು ಓದಲು ಬೇಕಾಗುವಷ್ಟು ಬೆಳಕನ್ನು ಮಾತ್ರ ಕೇಳಿದ.