ಮಾತ್ರೆಯೂ ಮೇಳವೂ

ಎಂ.ಡಿ.ಎಂ.ಎ. ಎಂಬ ಮಾದಕದ್ರವ್ಯವು ಜರ್ಮನಿಯ ಮೆರ್ಕ್ ಕಾರ್ಖಾನೆಯಲ್ಲಿ 1912ರಲ್ಲಿಯೇ ಸಿದ್ಧವಾಗಿದ್ದಿತು. ಇಂಗ್ಲೆಂಡಿನಲ್ಲಿ 1977ರಲ್ಲಿ ನಿಷಿದ್ಧವೂ ಆಯಿತು. ಆದರೆ ಅದು ಆ ದೇಶದ ಸಾಮಾಜಿಕ ಚರಿತ್ರೆಯನ್ನು ಹೊಕ್ಕುದು 1988ರ ಬೇಸಗೆಯಲ್ಲಿ. ಸ್ಪೇಯಿನ್ನಿನ ಇಬೀಜಾ ದ್ವೀಪಕ್ಕೆ ಹೋಗಿಬಂದ ಡ್ಯಾನಿ ರ‍್ಯಾಂಪ್ಲಿಂಗನು 1987ರ ಕೊನೆಯಲ್ಲಿ ಲಂಡನ್ನಿನ ವ್ಯಾಯಾಮಶಾಲೆಯೊಂದರಲ್ಲಿ 'ಶೂಮ್' ಎಂಬ ನರ್ತನಕೂಟವನ್ನು ತೆರೆದಿದ್ದನು. ಸಂಗೀತವು ಶಿಕಾಗೋ ನಗರದ ಆಫ್ರಿಕನ್ ಅಮೆರಿಕನ್ನರಲ್ಲಿ ಹುಟ್ಟಿದ 'ಹೌಸ್'. ಇಂತಹ ಕೂಟಗಳಲ್ಲಿ ಮದ್ಯಕ್ಕೆ ಮನ್ನಣೆ ಕಡಮೆ. ಮಾತ್ರೆ ನುಂಗಿದವರು ಗುರುತಿಲ್ಲದವರನ್ನೂ ಒಡಹುಟ್ಟಿದವರಂತೆ ಅಪ್ಪಿಕೊಳ್ಳುತ್ತಿದ್ದರು. ಅಂತಸ್ತಿನ ಭೇದವನ್ನು ಮಾತಿನ ಉಚ್ಚಾರದಲ್ಲಿಯೇ ಅಳೆಯುವ ಆ ನಾಡಿನಲ್ಲಿ ಇದು ಅಲ್ಪ ಸಂಗತಿಯಲ್ಲ. ಆದರೂ ಕೀರ್ತಿಯೆಲ್ಲವನ್ನೂ ಮಾತ್ರೆಗೆ ಸಲ್ಲಿಸುವುದು ನ್ಯಾಯವಲ್ಲ; ಒಂದೇ ತಾಳಕ್ಕೆ ಕೂಡಿ ಕುಣಿಯುವುದರಿಂದಲೇ ಆತ್ಮೀಯತೆ ಬೆಳೆಯುವುದೆಂದು ಈಚಿನ ಪ್ರಯೋಗಗಳು ತೋರಿಸಿವೆ. ಹಾನಿಯಾದರೋ ಮಾತ್ರೆಯದೇ: 1989ರಲ್ಲಿ ಮ್ಯಾಂಚೆಸ್ಟರಿನ ಹಸಿಯೆಂಡಾ ನರ್ತನಶಾಲೆಗೆ ಬಂದಿದ್ದ 16 ವರ್ಷದ ಬಾಲೆಯೊಬ್ಬಳು ಅದನ್ನು ಸೇವಿಸಿ ಮೃತಳಾದಳು.

ಸರಕಾರದ ನಡೆ ವಿಚಿತ್ರವಾದುದು. 1994ರ ಶಾಸನದಲ್ಲಿ ಈ ಕೂಟಗಳನ್ನು ಕುರಿತ ಭಾಗವು ಮಾತ್ರೆಯ ಮಾತನ್ನೇ ಎತ್ತದೆ, ರಾತ್ರಿ ಬಯಲಿನಲ್ಲಿ ನೂರು ಜನ ನೆರೆಯುವುದನ್ನೂ ಮರುಕಳಿಸುವ ತಾಳವನ್ನೂ ಹೆಸರಿಸಿ, ಚದರಿಸುವ ಅಧಿಕಾರವನ್ನು ಪೋಲೀಸರಿಗಿತ್ತಿತು. ಬಯಲಿನ ಕುಣಿತವು ಕ್ರಮೇಣ ಹಣ ತೆತ್ತು ಒಳಹೋಗುವ ನರ್ತನಶಾಲೆಗಳಿಗೆ ಸರಿಯಿತು. ಮಾತ್ರೆಯೂ ಅದರ ಬೆನ್ನಿಗೇ ಹೋಯಿತು.