ಮ್ಯಾಲಿಂದ ನೋಡಿದ್ರ ಚೊಕ್ಕ

ಹಂಪಿ ಉತ್ಸವದಾಗ ಹೆಲಿಕಾಪ್ಟರ್ ಹತ್ತಿದ್ದೆ. ಏಳೆಂಟು ನಿಮಿಷದ ಸುತ್ತು, ಅಷ್ಟೇ. ಹುನಗುಂದ ಕಡೆಯ ಹಳ್ಳಿಯವನಿಗೆ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳ ಬಂದ ಮೇಲೆ ಇಂಥ ಚಟಗಳು ಸುರು ಆಗ್ತಾವ. ವಿರೂಪಾಕ್ಷನ ಗೋಪುರದ ಮುಂದಿನ ಬಜಾರು ಮ್ಯಾಲಿಂದ ಸ್ಕೇಲ್ ಇಟ್ಟು ಗೆರೆ ಎಳೆದಂಗ ಕಂಡಿತು. ಎಷ್ಟು ಚೊಕ್ಕ ಐತಿ ಅಂತ ಫೋಟೊ ತೆಗೆದೆ. ಅಲ್ಲಿನ ಸಾಲು ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು 2011ರಲ್ಲಿ ಬುಲ್ಡೋಜರ್ ತಂದು ಕೆಡವಿದ್ದು ಇಳಿದ ಮೇಲೆ ನೆನಪಾತು.

ಅಲ್ಲಿಂದ ಕುಷ್ಟಗಿ, ಇಳಕಲ್, ಹುನಗುಂದ ದಾಟಿ, ಅಮೀನಗಡದಾಗ ಕರದಂಟು ಕಟ್ಟಿಸಿಕೊಂಡು ಐಹೊಳೆಗೆ ಹೋದೆ. ನಮ್ಮ ಅತ್ತಿ ಮನಿ ಅಲ್ಲೇ, ಒಂದು ಗುಡಿಯ ಬೆನ್ನಿಗೆ. ಫೋಟೊ ತೋರಿಸಿದರೆ ಆಕಿ ಕೇಳಿದ್ದು ಒಂದೇ: “ಅಲ್ಲೋ ತಮ್ಮಾ, ಇಲ್ಲಿದ್ದ ಮಂದಿ ಎಲ್ಲಿ ಹೋದ್ರು?”

ಸುಮ್ಮನೆ ಕೇಳಿದ್ದಲ್ಲ. ಐಹೊಳೆಯ ಮಂದಿಯನ್ನು ಗುಡಿಗಳಿಂದ ದೂರ ಸ್ಥಳಾಂತರಿಸುವ ಮಾತು ಎಷ್ಟೋ ವರ್ಷದಿಂದ ನಡೆದೈತಿ. ಕಂಬಕ್ಕೆ ಎಮ್ಮಿ ಕಟ್ಟಿದರೆ, ಗೋಡೆಗೆ ಕುಳ್ಳು ತಟ್ಟಿದರೆ ಕಲ್ಲು ಹಾಳಾಗತೈತಿ ಅನ್ನೋದೂ ಖರೇನ. ಆದರೆ ಗುಡಿಗಳ ಹೆಸರು ನೋಡ್ರಿ: ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಲಾಡಖಾನ ಗುಡಿಗಂತೂ ಒಂದು ಕಾಲಕ್ಕೆ ಅದರೊಳಗೇ ಸಂಸಾರ ಹೂಡಿದವನ ಹೆಸರು! ಕಟ್ಟಿಸಿದವರನ್ನು ಊರು ಮರೆತಿದೆ, ಇದ್ದವರನ್ನು ಮರೆತಿಲ್ಲ. ದುರ್ಗ ಗುಡಿಯ ಹೆಸರೂ ದುರ್ಗಾದೇವಿಯದಲ್ಲ, ಕೋಟೆಯದು.

ರೋಮ್‌ದಾಗೂ ಇದೇ ಕಥಿ. ಮಧ್ಯಯುಗದಲ್ಲಿ ಕೊಲೊಸಿಯಂನ ಕಮಾನುಗಳ ಕೆಳಗೆ ಮಂದಿ ವಾಸವಿದ್ದರು. ಅದರ ಹತ್ತಿರದ ಓಣಿಗಳನ್ನು ಕೆಡವಿಸಿ ಮುಸೊಲಿನಿ 1932ರಲ್ಲಿ ನೆಟ್ಟಗಿನ ಹೆದ್ದಾರಿ ಮಾಡಿಸಿದ. ಈಗ ಅದೂ ಫೋಟೊದಾಗ ಚಂದ ಬರತೈತಿ.

ನಮ್ಮ ಐಹೊಳೆ ಮ್ಯಾಲೂ ಹೆಲಿಕಾಪ್ಟರ್ ಹಾರಿದರೆ ದುರ್ಗ ಗುಡಿಯ ಗಜಪೃಷ್ಠ, ಅಂದ್ರ ಆನೆಯ ಬೆನ್ನಿನ ಆಕಾರ, ಭಾಳ ಚಂದ ಕಾಣತೈತಿ, ಒಪ್ಪತೀನಿ. ಗುಡ್ಡದ ಮ್ಯಾಲಿನ ಮೇಗುಟಿಯೂ ಕಾಣತೈತಿ. ಆದರೆ ಅದರ ಹೊರಗೋಡೆಯಲ್ಲಿ 634ರಲ್ಲಿ ರವಿಕೀರ್ತಿ ಬರೆಸಿದ ಶಾಸನ, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು, ಕಾಳಿದಾಸ-ಭಾರವಿಯರ ಹೆಸರು, ಇವನ್ನು ನೋಡಬೇಕಂದ್ರ ಮೆಟ್ಟಿಲು ಹತ್ತಿ ಗೋಡೆಗೆ ಮುಖ ಹಚ್ಚಬೇಕು.

ಸಂಜಿಕೆ ಅತ್ತಿಯ ಮಾಳಗಿ ಮ್ಯಾಲೆ ನಿಂತು ಗುಡಿಯ ಫೋಟೊ ತೆಗೆದೆ. ಒಣಹಾಕಿದ ಮೆಣಸಿನಕಾಯಿ ಅಡ್ಡ ಬಂದವು. “ಸರಿಸಲೇನ?” ಅಂದಳು ಅತ್ತಿ. ಬ್ಯಾಡ ಅಂದೆ.