ಯುದ್ಧದ ನಕ್ಷೆ ಬರೆದ ಹುಡುಗಿಯರು

ಬದುವಿನ ತಕರಾರು ಬಂದರೆ ಸರ್ವೇದವರು ಬರುತ್ತಾರೆ. ಅಳತೆ ಹಿಡಿಯುತ್ತಾರೆ, ನಕ್ಷೆ ಬಿಚ್ಚುತ್ತಾರೆ. ಸುತ್ತ ಹತ್ತು ಗಂಡಸರು ತಲೆ ಹಾಕುತ್ತಾರೆ. ಅದೇ ಹೊಲದಲ್ಲಿ ಮೂವತ್ತು ವರ್ಷ ಕಳೆ ತೆಗೆದ ಅವ್ವ ದೂರ ನಿಂತಿರುತ್ತಾಳೆ. ಅವಳು ಬಾಯಿ ತೆರೆದರೆ, "ನಿನಗ ನಕಾಶಿ ಏನ್ ತಿಳಿತೈತಿ, ಸುಮ್ನಿರು" ಎನ್ನುತ್ತಾರೆ. ಈ ಮಾತು ನಮ್ಮ ರೋಣ, ನರಗುಂದದ ಕಡೆ ಹೊಸದಲ್ಲ.

ಆದರೆ ಜಗತ್ತಿನ ಅತಿ ದೊಡ್ಡ ಯುದ್ಧದಲ್ಲಿ ಸೈನಿಕರು ನಂಬಿ ನಡೆದ ಎಷ್ಟೋ ನಕ್ಷೆಗಳನ್ನು ಬರೆದವರು ಆಗಷ್ಟೇ ಕಾಲೇಜು ಮುಗಿಸಿದ್ದ ಹುಡುಗಿಯರು.

ನಕ್ಷೆಗೂ ಯುದ್ಧಕ್ಕೂ ಹಳೆಯ ನಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಆ ಯುದ್ಧದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮರುವರ್ಷ, 1800ರಲ್ಲಿ, ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ನೆಲ ಅಳೆಯಲು ಶುರು ಮಾಡಿದ. ಗೆದ್ದ ನಾಡನ್ನು ಆಳಬೇಕಾದರೆ ಅದರ ನಕ್ಷೆ ಬೇಕು. ಸರ್ವೇ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ ನಮ್ಮ ಹೊಳೆಮಣ್ಣೂರ 48ಎಂ ಎಂಬ ಹಾಳೆಯೊಳಗೆ ಬರುತ್ತದೆ. ಈ ಅಳತೆಯ ಚರಿತ್ರೆಯಲ್ಲಿ ನಮಗೆ ಸಿಗುವ ಹೆಸರುಗಳೆಲ್ಲ ಗಂಡಸರವೇ.

ಈಗ ಅಮೆರಿಕಕ್ಕೆ ಹೋಗೋಣ. 1941ರ ಡಿಸೆಂಬರ್ 7ರಂದು ಜಪಾನ್ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದವು. ಅಮೆರಿಕ ಯುದ್ಧಕ್ಕಿಳಿಯಿತು. ಆದರೆ ಸೈನ್ಯ ಹೋಗಬೇಕಿದ್ದ ಎಷ್ಟೋ ನಾಡುಗಳ ಸರಿಯಾದ ನಕ್ಷೆಯೇ ಅದರ ಬಳಿ ಇರಲಿಲ್ಲ. 1942ರಲ್ಲಿ ಆರ್ಮಿ ಮ್ಯಾಪ್ ಸರ್ವೀಸ್ ಎಂಬ ಸಂಸ್ಥೆ ಕಟ್ಟಿದರು. ಕೆಲಸ ಬೆಟ್ಟದಷ್ಟಿತ್ತು, ಮಾಡುವ ಗಂಡಸರು ಸೈನ್ಯಕ್ಕೆ ಹೋಗಿದ್ದರು.

ಆಗ ಷಿಕಾಗೋ ವಿಶ್ವವಿದ್ಯಾಲಯದ ಭೂಗೋಳ ಪ್ರಾಧ್ಯಾಪಕಿ ಎಡಿತ್ ಪಾರ್ಕರ್ ಒಂದು ದಾರಿ ತೋರಿಸಿದರು. ಕಾಲೇಜು ಹುಡುಗಿಯರಿಗೆ ನಕ್ಷೆ ವಿದ್ಯೆ ಕಲಿಸುವ ಪಾಠಕ್ರಮವನ್ನು ಅವರು ಸಿದ್ಧಪಡಿಸಿದರು. ಹಲವು ಕಾಲೇಜುಗಳಲ್ಲಿ ತರಗತಿ ನಡೆದವು. ಹೀಗೆ ಕಲಿತು ಕೆಲಸಕ್ಕೆ ಸೇರಿದವರು 200ಕ್ಕೂ ಹೆಚ್ಚು. ಅವರನ್ನು 'ಮಿಲಿಟರಿ ಮ್ಯಾಪಿಂಗ್ ಮೇಡನ್ಸ್' ಎಂದು ಕರೆದರು, ಅಂದರೆ ಸೇನೆಗೆ ನಕ್ಷೆ ಮಾಡುವ ಹುಡುಗಿಯರು.

ಅವರು ಆ ನಾಡುಗಳನ್ನು ಕಣ್ಣಿಂದ ಕಂಡವರಲ್ಲ. ವಿಮಾನದಿಂದ ತೆಗೆದ ಫೋಟೋ ಮತ್ತು ಹಳೆಯ ನಕ್ಷೆಗಳೇ ಅವರಿಗೆ ಆಧಾರ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ದೂರ, ಎತ್ತರ ತಿಳಿಯಲು ಎರಡೂ ಕಣ್ಣು ಬೇಕು. ಹಾಗೆಯೇ ಒಂದೇ ಜಾಗದ ಎರಡು ಫೋಟೋಗಳನ್ನು ಬೇರೆ ಬೇರೆ ಕೋನದಿಂದ ತೆಗೆದು, ಒಂದೊಂದು ಕಣ್ಣಿಗೆ ಒಂದೊಂದು ಕಾಣುವಂತೆ ಮಾಡಿದರೆ ಗುಡ್ಡ ಎದ್ದು ಕಾಣುತ್ತದೆ, ಕಣಿವೆ ಇಳಿದು ಕಾಣುತ್ತದೆ. ಅದನ್ನು ನೋಡುತ್ತ ಒಂದೇ ಎತ್ತರದ ಜಾಗಗಳನ್ನೆಲ್ಲ ಒಂದು ಗೆರೆಯಲ್ಲಿ ಕೂಡಿಸುತ್ತಾರೆ. ಹೊಳೆ ಇಳಿದ ಮೇಲೆ ಊರಿನ ಗೋಡೆಗಳ ಮೇಲೆಲ್ಲ ಒಂದೇ ಮಟ್ಟಕ್ಕೆ ನೀರಿನ ಗೆರೆ ಉಳಿಯುತ್ತದಲ್ಲ, ಹಾಗೆ.

ಈ ಗೆರೆ ತಪ್ಪಿದರೆ ಏನಾಗುತ್ತದೆ? ಸಪಾಟು ಎಂದುಕೊಂಡ ಕಡೆ ಕಡಿದಾದ ದಂಡೆ ಇರುತ್ತದೆ. ಫಿರಂಗಿಯ ಗುಂಡು ತನ್ನವರ ಮೇಲೆಯೇ ಬೀಳಬಹುದು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ದಂಡೆಗೆ ಮಿತ್ರರಾಷ್ಟ್ರಗಳ ಸೈನ್ಯ ಇಳಿಯಿತು. ಆ ದಾಳಿಗಾಗಿ ಈ ಸಂಸ್ಥೆ 3,000 ಬಗೆಯ ನಕ್ಷೆ ಮಾಡಿ 7 ಕೋಟಿ ಪ್ರತಿ ಅಚ್ಚು ಹಾಕಿತ್ತು. ಯುದ್ಧ ಮುಗಿಯುವಷ್ಟರಲ್ಲಿ 40,000 ಬಗೆಯ ನಕ್ಷೆಗಳ 50 ಕೋಟಿ ಪ್ರತಿಗಳು ಹೊರಬಂದಿದ್ದವು.

ಯಾವ ಜಾಗದ ನಕ್ಷೆ ಬರೆಯುತ್ತಿದ್ದೇವೆ ಎಂದು ಹುಡುಗಿಯರು ಹೊರಗೆ ಹೇಳುವಂತಿರಲಿಲ್ಲ. ಯುದ್ಧ ಮುಗಿಯಿತು, ಗಂಡಸರು ಮರಳಿದರು, ಹಲವು ಹುಡುಗಿಯರು ಕೆಲಸ ಬಿಟ್ಟು ಮನೆ ಸೇರಿದರು. ಜನ ಅವರನ್ನು ಮರೆತರು. ಒಹಾಯೋ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲಿತು ಈ ಕೆಲಸ ಮಾಡಿದ್ದ ಬೀ ಮ್ಯಾಕ್‌ಫರ್ಸನ್ ವಯಸ್ಸಾದ ಮೇಲೆ ಈ ಕಥೆಯನ್ನು ಜನರಿಗೆ ಹೇಳತೊಡಗಿದರು. ಅದರಿಂದಲೇ ಇಂದು ನಮಗೂ ಒಂದಿಷ್ಟು ಗೊತ್ತು.

ಮುಂದೆ 1950ರ ದಶಕದಲ್ಲಿ ಇದೇ ಸಂಸ್ಥೆ ಭಾರತದ ನಕ್ಷೆಗಳನ್ನೂ ಮಾಡಿತು. ಅವುಗಳಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ನಮ್ಮ ಮಲಪ್ರಭೆಯೂ ಅಲ್ಲಿ ಒಂದು ಗೆರೆಯಾಗಿ ಹರಿಯುತ್ತಾಳೆ.

ಆ ಹುಡುಗಿಯರು ಹುಟ್ಟಾ ಪಂಡಿತರಲ್ಲ. ಯಾರೋ ಕಲಿಸಿದರು, ಕೈಗೆ ಕೆಲಸ ಕೊಟ್ಟರು, ಅವರು ಮಾಡಿದರು. ನಮ್ಮ ಊರುಗಳಲ್ಲೂ ಅಂಗನವಾಡಿ ಗೋಡೆಯ ಮೇಲೆ ಊರಿನ ನಕ್ಷೆ ನೋಡಿರುತ್ತೀರಿ. ಯಾವ ಓಣಿಯಲ್ಲಿ ಬಸುರಿ ಇದ್ದಾಳೆ, ಯಾರ ಮನೆಯಲ್ಲಿ ಎದ್ದು ಓಡಾಡಲಾಗದ ಅಜ್ಜಿ ಇದ್ದಾಳೆ ಎಂದು ಅಂಗನವಾಡಿ ಅಕ್ಕನಿಗೆ, ಆಶಾ ಅಕ್ಕನಿಗೆ ಗೊತ್ತು. ಹೊಳೆ ಬಂದ ರಾತ್ರಿ ಮೊದಲು ಯಾರನ್ನು ಎತ್ತಬೇಕು ಎಂದು ಹೇಳಬಲ್ಲವರೂ ಅವರೇ.

ನಿಮ್ಮ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಹೊಲದ ಸರ್ವೇ ನಂಬರ್ ಕಾಣುತ್ತದೆ. ಈ ಸಲ ಹೊಲಕ್ಕೆ ಹೋದಾಗ ಫೋನನ್ನು ಅವ್ವನ ಕೈಗೆ ಕೊಡಿ. ಬದು ಮೊದಲು ಎಲ್ಲಿತ್ತು ಎಂದು ಕೇಳಿ. ಅವಳು ಹೇಳುತ್ತಾಳೆ.